ಪೊರೆ ಮಾಗುವವರೆಗೆ ಕಾಯಬೇಕೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಲ್ಲಿ ಹಿರಿಯರ ಕಣ್ಣು ಮಂಜಾದಾಗ ಸಾಮಾನ್ಯವಾಗಿ ಕೇಳಿಬರುವ ಮಾತು, "ಪೊರೆ ಇನ್ನೂ ಮಾಗಿಲ್ಲ, ಮಾಗಲಿ" ಎಂಬುದು. ಮಳೆಗಾಲ ಕಳೆಯಲಿ, ಅಡಿಕೆ ಕೊಯ್ಲು ಮುಗಿಯಲಿ, ಕಾಫಿ ಒಣಗಲಿ ಎಂಬ ಕಾರಣಗಳೂ ಸೇರಿಕೊಂಡು ವರ್ಷಗಳೇ ಉರುಳುತ್ತವೆ. ಹೀಗೆ ಕಾಯುವುದು ಇಂದು ಅನಗತ್ಯ ಮಾತ್ರವಲ್ಲ, ಅಪಾಯಕರವೂ ಹೌದು.

ಪೊರೆಯೆಂದರೆ ಕಣ್ಣಿನ ಮೇಲೆ ಬೆಳೆಯುವ ಪದರವಲ್ಲ. ಪಾಪೆಯ ಹಿಂದಿರುವ ತಿಳಿಯಾದ ಮಸೂರವೇ ಮಬ್ಬಾಗುವುದು ಪೊರೆ. ವಯಸ್ಸು ಇದಕ್ಕೆ ಮುಖ್ಯ ಕಾರಣ. ಸಕ್ಕರೆ ಕಾಯಿಲೆ, ಧೂಮಪಾನ, ಕಣ್ಣಿಗೆ ಬಿದ್ದ ಪೆಟ್ಟು, ಸ್ಟೀರಾಯ್ಡ್ ಔಷಧಿಗಳ ದೀರ್ಘ ಬಳಕೆ ಅದನ್ನು ಬೇಗ ತರಬಲ್ಲವು. ನೋವಿಲ್ಲದೆ ದೃಷ್ಟಿ ಮಸುಕಾಗುವುದು, ಎದುರಿನ ವಾಹನದ ಬೆಳಕು ಕಣ್ಣು ಕುಕ್ಕುವುದು, ಕನ್ನಡಕದ ನಂಬರು ಪದೇ ಪದೇ ಬದಲಾಗುವುದು ಇದರ ಲಕ್ಷಣಗಳು. ಪೊರೆಯನ್ನು ಕರಗಿಸುವ ಹನಿ ಔಷಧಿ ಇಲ್ಲ, ಶಸ್ತ್ರಚಿಕಿತ್ಸೆಯೇ ಪರಿಹಾರ.

"ಮಾಗಲಿ" ಎಂಬ ಮಾತಿಗೆ ಹಿಂದೆ ಅರ್ಥವಿತ್ತು. ಆಗ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ರೋಗಿ ದಿನಗಟ್ಟಲೆ ಅಲುಗಾಡದೆ ಮಲಗಿ, ಬಳಿಕ ದಪ್ಪ ಗಾಜಿನ ಕನ್ನಡಕ ಧರಿಸಬೇಕಿತ್ತು. ನಮ್ಮ ನಾಡಿನಲ್ಲಿ ಊರೂರಿಗೆ ತೆರಳಿ ನೇತ್ರ ಶಿಬಿರಗಳನ್ನು ನಡೆಸಿ, 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪುರಸ್ಕೃತರಾದ ಡಾ. ಎಂ. ಸಿ. ಮೋದಿಯವರಿಂದ ಬಡವರಿಗೆ ಬೆಳಕು ದೊರೆತದ್ದು ಆ ಕಾಲದಲ್ಲಿಯೇ. 1949ರಲ್ಲಿ ಲಂಡನ್ನಿನ ವೈದ್ಯ ಹೆರಾಲ್ಡ್ ರಿಡ್ಲಿ ಕಣ್ಣಿನೊಳಗೆ ಕೃತಕ ಮಸೂರವನ್ನು ಅಳವಡಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್, ಪೊರೆಯನ್ನು ಶಬ್ದಾತೀತ ಕಂಪನದಿಂದ ಪುಡಿಮಾಡಿ ಹೀರಿ ತೆಗೆಯುವ ವಿಧಾನವನ್ನು ಬಳಕೆಗೆ ತಂದರು. ಇಂದು ಕಣ್ಣಿನ ಭಾಗವನ್ನಷ್ಟೇ ಮರಗಟ್ಟಿಸಿ, ಸಣ್ಣ ಗಾಯದ ಮೂಲಕ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಮುಗಿಯುತ್ತದೆ. ಹೆಚ್ಚಿನವರು ಅಂದೇ ಅಥವಾ ಮರುದಿನ ಮನೆಗೆ ಮರಳುತ್ತಾರೆ.

ಅತಿಯಾಗಿ ಬಲಿತ ಪೊರೆ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯನ್ನು ಕಠಿಣಗೊಳಿಸುತ್ತದೆ. ಅದು ಊದಿಕೊಂಡು ಅಥವಾ ಸೋರಿ ಕಣ್ಣಿನ ಒತ್ತಡ ಏರಿದರೆ ನರಕ್ಕೆ ಹಾನಿಯಾಗಿ, ಕಳೆದ ದೃಷ್ಟಿ ಮತ್ತೆ ಬಾರದು. ಮಸುಕಿಗೆಲ್ಲ ಪೊರೆಯೇ ಕಾರಣವೆಂದು ಮನೆಯಲ್ಲಿಯೇ ತೀರ್ಮಾನಿಸುವುದೂ ಸಲ್ಲದು. ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ದೋಷ ಅದರ ಮರೆಯಲ್ಲಿರಬಹುದು. ಆದುದರಿಂದ ತಪಾಸಣೆ ಮೊದಲು. ನಿತ್ಯದ ಕೆಲಸಕ್ಕೆ ದೃಷ್ಟಿ ಸಾಲದಾದಾಗಲೇ ಶಸ್ತ್ರಚಿಕಿತ್ಸೆಗೆ ತಕ್ಕ ಸಮಯ. ಅದಕ್ಕೆ ಋತುವಿನ ಹಂಗಿಲ್ಲ.

ಶಸ್ತ್ರಚಿಕಿತ್ಸೆಯ ಬಳಿಕ ಕಣ್ಣು ಉಜ್ಜಬಾರದು, ನೀರು ತಾಗಿಸಬಾರದು, ಹೊಗೆಯೊಲೆಯ ಮುಂದೆ ಕೂರಬಾರದು. ಹನಿ ಔಷಧಿಯನ್ನು ವೈದ್ಯರು ಹೇಳಿದಷ್ಟು ದಿನ ತಪ್ಪದೆ ಹಾಕಬೇಕು. ನೋವು, ಕೆಂಪು, ದೃಷ್ಟಿ ಕುಂದುವಿಕೆ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಆದರೂ "ಈ ವಯಸ್ಸಿನಲ್ಲಿ ನನಗೇಕೆ, ಮಕ್ಕಳಿಗೆ ತೊಂದರೆ" ಎಂದು ಹಿಂಜರಿಯುವ ಹಿರಿಯರು ಅನೇಕರು. ಪಾಚಿಗಟ್ಟಿದ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡರೆ ಆಗುವ ತೊಂದರೆ ಇದಕ್ಕಿಂತ ದೊಡ್ಡದು. ಪ್ರಾರ್ಥನಾ ಪುಸ್ತಕವನ್ನು ಮುಚ್ಚಿಟ್ಟು ಬಾಯಿಪಾಠದಲ್ಲಿಯೇ ಜಪಿಸುವ ಅಜ್ಜಿ ನಿಮ್ಮ ಮನೆಯಲ್ಲಿದ್ದರೆ, ಆಕೆ ಕೇಳಲೆಂದು ಕಾಯದೆ ನೀವೇ ಕರೆದೊಯ್ಯಿರಿ.