ಟ್ರಾನ್ಸ್‌ಮಿಟರ್‌ಗೆ ಮೈಕ್ರೋಕಂಟ್ರೋಲರ್: ಹಿಡಿತ ಯಾರ ಕೈಯಲ್ಲಿ?

ಹೊಸಪೇಟೆ: ಮಾದರಿ ವಿಮಾನ, ದೋಣಿ ಅಥವಾ ಡ್ರೋನ್ ನಡೆಸುವ ರೇಡಿಯೋ ಕಂಟ್ರೋಲ್ ಟ್ರಾನ್ಸ್‌ಮಿಟರ್‌ನ ಕಡ್ಡಿಗಳನ್ನು ಸಾಮಾನ್ಯವಾಗಿ ಮನುಷ್ಯನ ಬೆರಳುಗಳೇ ಆಡಿಸುತ್ತವೆ. ಆ ಕೆಲಸವನ್ನು ಪುಟ್ಟ ಮೈಕ್ರೋಕಂಟ್ರೋಲರ್‌ಗೆ ವಹಿಸುವುದು ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪ್ರಿಯವಾದ ಪ್ರಯೋಗ. ಖರ್ಚು ಕಡಿಮೆ, ಬೇಕಾದ ತಂತಿಗಳೂ ಎರಡೇ. ಆದರೆ ಪ್ರೋಗ್ರಾಂ ನಡುವೆಯೇ ಸ್ತಬ್ಧವಾದರೆ ಹಾರುತ್ತಿರುವ ಯಂತ್ರದ ಗತಿಯೇನು? ಉತ್ತರ ಕಂಡುಕೊಂಡ ಬಳಿಕವೇ ಜೋಡಣೆಗೆ ಕೈಹಾಕುವುದು ಲೇಸು.

ಅನೇಕ ಟ್ರಾನ್ಸ್‌ಮಿಟರ್‌ಗಳಲ್ಲಿ 'ಟ್ರೈನರ್ ಪೋರ್ಟ್' ಎಂಬ ಕಿಂಡಿಯಿರುತ್ತದೆ. ಗುರು ಹಾಗೂ ಶಿಷ್ಯರ ಟ್ರಾನ್ಸ್‌ಮಿಟರ್‌ಗಳನ್ನು ತಂತಿಯಿಂದ ಜೋಡಿಸಲೆಂದು ರೂಪಿಸಿದ ವ್ಯವಸ್ಥೆಯಿದು. ಗುರು ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ಶಿಷ್ಯನ ಆಜ್ಞೆ ನಡೆಯುತ್ತದೆ; ಬಿಟ್ಟೊಡನೆ ಹಿಡಿತ ಗುರುವಿಗೆ ಮರಳುತ್ತದೆ. ಮೈಕ್ರೋಕಂಟ್ರೋಲರ್ ಅನ್ನು ಶಿಷ್ಯನ ಸ್ಥಾನದಲ್ಲಿ ಕೂರಿಸುವುದೇ ಇಲ್ಲಿನ ಉಪಾಯ.

ಈ ಕಿಂಡಿ ಸಾಮಾನ್ಯವಾಗಿ ಅರಿಯುವ ಭಾಷೆ ಪಿಪಿಎಂ. ಅದರಲ್ಲಿ ಅರ್ಥವಿರುವುದು ವೋಲ್ಟೇಜಿನ ಏರಿಳಿತದ ಪ್ರಮಾಣದಲ್ಲಲ್ಲ, ಕಾಲದಲ್ಲಿ. ಒಂದು ಮಿಡಿತದ ಆರಂಭದಿಂದ ಮುಂದಿನದರ ಆರಂಭಕ್ಕೆ 1.5 ಮಿಲಿಸೆಕೆಂಡ್ ಅಂತರವಿದ್ದರೆ ಕಡ್ಡಿ ನಟ್ಟನಡುವೆ ಇದೆಯೆಂದು ಅರ್ಥ. 1 ಮಿಲಿಸೆಕೆಂಡ್ ಒಂದು ತುದಿ, 2 ಮಿಲಿಸೆಕೆಂಡ್ ಮತ್ತೊಂದು ತುದಿ. ಎಂಟು ಚಾನೆಲ್‌ಗಳ ಅಂತರಗಳು ಸಾಲಾಗಿ ಬಂದ ಮೇಲೆ ದೀರ್ಘ ವಿರಾಮ, 20ರಿಂದ 22.5 ಮಿಲಿಸೆಕೆಂಡ್‌ಗೊಮ್ಮೆ ಇಡೀ ಸಾಲಿನ ಪುನರಾವರ್ತನೆ. 'ಆರ್ಡುಯಿನೊ ಊನೊ' ಫಲಕದ ಟೈಮರ್ ಅರ್ಧ ಮೈಕ್ರೋಸೆಕೆಂಡ್‌ನಷ್ಟು ಸೂಕ್ಷ್ಮವಾಗಿ ಕಾಲವನ್ನು ಅಳೆಯಬಲ್ಲದು. ಆದ್ದರಿಂದ ಅದಕ್ಕಿದು ಕಷ್ಟದ ಕೆಲಸವಲ್ಲ.

ಎರಡು ತಂತಿಗಳಲ್ಲಿ ಒಂದು ಗ್ರೌಂಡ್, ಇನ್ನೊಂದು ಸಂಕೇತದ್ದು. ಊನೊ 5 ವೋಲ್ಟ್‌ನದು, ಟ್ರಾನ್ಸ್‌ಮಿಟರ್ 3.3 ವೋಲ್ಟ್‌ನದಾಗಿದ್ದರೆ ರೆಸಿಸ್ಟರ್‌ಗಳಿಂದ ವೋಲ್ಟೇಜ್ ಇಳಿಸಬೇಕು. ಪಿನ್‌ಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಕೈಪಿಡಿ ನೋಡದೆ ಜೋಡಿಸಬಾರದು.

ಅಪಾಯವಿರುವುದು ಮುಂದಿನ ಹಂತದಲ್ಲಿ. ರೇಡಿಯೋ ಸಂಪರ್ಕ ಕಡಿದರೆ ರಕ್ಷಣೆಗೆಂದು ರಿಸೀವರ್‌ನಲ್ಲಿ 'ಫೇಲ್‌ಸೇಫ್' ಇರುತ್ತದೆ. ಮೈಕ್ರೋಕಂಟ್ರೋಲರ್ ಕೈಕೊಟ್ಟಾಗ ಮಾತ್ರ ಅದು ಉಪಯೋಗಕ್ಕೆ ಬಾರದು. ಏಕೆಂದರೆ ರೇಡಿಯೋ ಸಂಪರ್ಕ ಸುಸ್ಥಿತಿಯಲ್ಲೇ ಇರುತ್ತದೆ. ಪ್ರೋಗ್ರಾಂನ ಮುಖ್ಯ ಭಾಗ ಸಿಕ್ಕಿಬಿದ್ದರೂ ಟೈಮರ್ ತನ್ನ ಪಾಡಿಗೆ ಹಳೆಯ ಅಂಕಿಗಳನ್ನೇ ಕಳುಹಿಸುತ್ತಿರಬಹುದು. ಏರಿದ್ದ ಥ್ರಾಟಲ್ ಏರಿಯೇ ಇರುತ್ತದೆ. ಇದಕ್ಕೆಂದೇ ಚಿಪ್‌ನಲ್ಲಿ 'ವಾಚ್‌ಡಾಗ್' ಇದೆ. ಪ್ರೋಗ್ರಾಂ ನಿಗದಿತ ಅವಧಿಯೊಳಗೆ ಓಗೊಡದಿದ್ದರೆ ಅದು ಚಿಪ್ಪನ್ನು ಮರುಚಾಲನೆ ಮಾಡುತ್ತದೆ. ದೋಣಿ, ಕಾರುಗಳಿಗೆ ಇಷ್ಟು ಸಾಕು. ಆದರೆ ಡ್ರೋನ್‌ನ ಮೋಟಾರ್ ಕ್ಷಣಕಾಲ ನಿಂತರೂ ಅದು ನೆಲಕ್ಕಪ್ಪಳಿಸಬಹುದು. ಆಗ ನೆರವಿಗೆ ಬರುವುದು ಗುರುವಿನ ಸ್ವಿಚ್ಚೇ. ಒಮ್ಮೆ ಹಾಕಿದರೆ ಹಾಗೆಯೇ ಉಳಿಯುವ ಸ್ವಿಚ್ ಬಳಸುವ ಸೌಕರ್ಯ ಕೆಲವು ಮಾದರಿಗಳಲ್ಲಿದೆ. ಬೆರಳಿಗೆ ಆರಾಮ ನಿಜ, ಆದರೂ ಬೇಡ. ಸ್ವಿಚ್ ಬಿಟ್ಟ ಕ್ಷಣ ಗುರುವಿನ ಕಡ್ಡಿಗಳು ಇದ್ದ ಸ್ಥಿತಿಯೇ ಜಾರಿಗೆ ಬರುವುದರಿಂದ, ಅವರ ಥ್ರಾಟಲ್ ಕೂಡ ಹಾರಾಟಕ್ಕೆ ತಕ್ಕ ಮಟ್ಟದಲ್ಲಿರಬೇಕು.

ಸ್ಥಳದ ಆಯ್ಕೆಯೂ ಮುಖ್ಯ. ಹಂಪಿಯ ಸಂರಕ್ಷಿತ ಸ್ಮಾರಕಗಳ ಮೇಲೆ ಅನುಮತಿಯಿಲ್ಲದೆ ಡ್ರೋನ್ ಹಾರಿಸುವಂತಿಲ್ಲ. ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ, ಕಾರ್ಯನಿರತ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ವ್ಯಾಪ್ತಿಯಲ್ಲಿ 200 ಅಡಿಗಿಂತ ಮೇಲೇರಲು ಅನುಮತಿ ಬೇಕು. ಇನ್ನೂ ಸಮೀಪದಲ್ಲಿ ನಿರ್ಬಂಧ ಹೆಚ್ಚು. ಕಂಪ್ಲಿ ಕಡೆಯ ಕಟಾವಾದ ಭತ್ತದ ಗದ್ದೆಗಳು ಬಯಲಾಗಿದ್ದರೂ, ಪಂಪ್‌ಸೆಟ್‌ಗಳಿಗೆ ಎಳೆದ ವಿದ್ಯುತ್ ತಂತಿಗಳನ್ನು ಮೊದಲು ನೋಡಿಕೊಳ್ಳಬೇಕು. ಅದಕ್ಕೂ ಮುನ್ನ ಪ್ರೊಪೆಲ್ಲರ್ ಕಳಚಿಟ್ಟು, ಮೇಜಿನ ಮೇಲೆಯೇ ಮೈಕ್ರೋಕಂಟ್ರೋಲರ್‌ನ ತಂತಿಯನ್ನು ಬೇಕೆಂದೇ ಕಿತ್ತು ಪರೀಕ್ಷಿಸಬೇಕು.