ಏಕಪ್ರತಿಯ ಆಯುಷ್ಯ: ಆಂಗ್ಲೋ-ಸ್ಯಾಕ್ಸನ್ ಹಸ್ತಪ್ರತಿಗಳೂ ಹೊಂಬುಜ ಸೀಮೆಯ ಗ್ರಂಥಸಂಪತ್ತೂ

ಒಂದು ಜನಾಂಗದ ಪ್ರಾಚೀನ ಸಾಹಿತ್ಯವೆಂದು ಇಂದು ನಾವು ಕರೆಯುವುದು ಆ ಜನರು ರಚಿಸಿದ ಸಮಸ್ತವನ್ನಲ್ಲ; ಬೆಂಕಿ, ನೀರು, ಹುಳು ಮತ್ತು ಅಲಕ್ಷ್ಯಗಳಿಂದ ಪಾರಾಗಿ ಉಳಿದ ಅಲ್ಪಭಾಗವನ್ನು. ಈ ಮಾತು ಇಂಗ್ಲೆಂಡಿನ ಪ್ರಾಚೀನ ನಿವಾಸಿಗಳಾದ ಆಂಗ್ಲೋ-ಸ್ಯಾಕ್ಸನರಿಗೆ ಎಷ್ಟು ಸಲ್ಲುತ್ತದೆಯೋ ನಮ್ಮ ಮಲೆನಾಡಿನ ಸಾಂತರರ ನಾಡಿಗೂ ಅಷ್ಟೇ ಸಲ್ಲುತ್ತದೆ. ಇವೆರಡಕ್ಕೂ ಯಾವ ಐತಿಹಾಸಿಕ ಸಂಪರ್ಕವೂ ಇರಲಿಲ್ಲ. ಆದರೂ ಕಾಲದಿಂದ ಇವು ಸಮೀಪದವು. ಗ್ರಂಥಗಳು ಉಳಿದ ಮತ್ತು ಅಳಿದ ಬಗೆಯನ್ನು ಅರಿಯುವವರಿಗೆ ಇವುಗಳ ತುಲನೆ ಪ್ರಯೋಜನಕಾರಿಯಾದುದು. ಅಲ್ಲಿಯ ಅನುಭವದಿಂದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಓಲೆಗರಿಗಳ ವಿಷಯದಲ್ಲಿ ನಾವು ಕಲಿಯಬೇಕಾದುದೇನೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಕ್ರಿ. ಶ. 5ನೆಯ ಶತಮಾನದಲ್ಲಿ ಉತ್ತರ ಜರ್ಮನಿ ಹಾಗೂ ಡೆನ್ಮಾರ್ಕಿನ ಕಡೆಯಿಂದ ಬ್ರಿಟನ್ನಿಗೆ ಬಂದು ನೆಲಸಿದ ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಪಂಗಡಗಳಿಗೆ ಒಟ್ಟಾಗಿ ಆಂಗ್ಲೋ-ಸ್ಯಾಕ್ಸನರೆಂದು ಹೆಸರು. ಇವರು ಮೊದಲಿಗೆ ರೂನ್ ಎಂಬ ಗೀರುಗೀರಾದ ಅಕ್ಷರಗಳನ್ನು ಮರ, ಮೂಳೆ, ಕಲ್ಲುಗಳ ಮೇಲೆ ಕೊರೆಯುತ್ತಿದ್ದರು. 597ರಲ್ಲಿ ರೋಮಿನಿಂದ ಕ್ರೈಸ್ತ ಧರ್ಮಪ್ರಚಾರಕರು ಬಂದ ಮೇಲೆ ರೋಮನ್ ಲಿಪಿಯೂ ಚರ್ಮಪತ್ರದ ಗ್ರಂಥಗಳೂ ಬಳಕೆಗೆ ಬಂದವು. ಆ ಲಿಪಿಯಲ್ಲಿ ತಮ್ಮ ನುಡಿಯ ಕೆಲವು ಧ್ವನಿಗಳಿಗೆ ಅಕ್ಷರಗಳಿಲ್ಲದುದನ್ನು ಕಂಡು ಅವರು ರೂನ್ ಲಿಪಿಯಿಂದಲೇ ಎರಡು ಅಕ್ಷರಗಳನ್ನು ತಂದು ಸೇರಿಸಿಕೊಂಡರು. ಧರ್ಮದ ಭಾಷೆ ಲ್ಯಾಟಿನ್ ಆಗಿದ್ದರೂ ದೇಶಭಾಷೆಯಲ್ಲಿ ಬರೆಯುವ ಪರಿಪಾಠ ಅಲ್ಲಿ ಬಹಳ ಬೇಗ ಬೆಳೆಯಿತು. 871ರಿಂದ 899ರವರೆಗೆ ಆಳಿದ ಆಲ್ಫ್ರೆಡ್ ಅರಸನು, ಲ್ಯಾಟಿನ್ ಬಲ್ಲವರು ವಿರಳರಾದುದನ್ನು ಕಂಡು, ಅವಶ್ಯವಾದ ಗ್ರಂಥಗಳನ್ನು ದೇಶಭಾಷೆಗೆ ಪರಿವರ್ತಿಸಿದನು. ಒಂದು ಗ್ರಂಥದ ಪ್ರತಿಗಳನ್ನು ಮಾಡಿಸಿ ತನ್ನ ರಾಜ್ಯದ ಧರ್ಮಪೀಠಗಳಿಗೆ ಕಳುಹಿಸಿದನು. ಶಾಸ್ತ್ರದಾನದ ಮಹಿಮೆಯನ್ನು ಬಲ್ಲ ಜೈನ ಓದುಗರಿಗೆ ಇದು ಅಪರಿಚಿತವಾದ ಭಾವನೆಯಲ್ಲ. ಇದರ ಮುಂದಿನ ಶತಮಾನದಲ್ಲಿಯೇ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ನಾಡಿನಲ್ಲಿ ಸುಪ್ರಸಿದ್ಧ.

1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ ಆಳುವವರ ನುಡಿ ಫ್ರೆಂಚ್ ಆಯಿತು. ಹಳೆಯ ನುಡಿಯ ಗ್ರಂಥಗಳನ್ನು ಓದಬಲ್ಲವರು ಕ್ರಮೇಣ ಇಲ್ಲವಾದರು. ಓದಲಾಗದ ಗ್ರಂಥಕ್ಕೆ ಹೊಸ ಪ್ರತಿ ಹುಟ್ಟದು. ಇದರ ಫಲವಾಗಿ ಇಂದು ಉಳಿದಿರುವ ಪ್ರಾಚೀನ ಇಂಗ್ಲಿಷ್ ಕಾವ್ಯ ಸುಮಾರು 30,000 ಪಂಕ್ತಿಗಳು ಮಾತ್ರ. ಅದರ ಬಹುಭಾಗ ನಾಲ್ಕೇ ಹೊತ್ತಗೆಗಳಲ್ಲಿದೆ. ಅವುಗಳಲ್ಲಿ ಒಂದು ಇಟಲಿಯ ವೆರ್ಚೆಲ್ಲಿ ನಗರದಲ್ಲಿದೆ. 1072ರಲ್ಲಿ ತೀರಿಕೊಂಡ ಲಿಯೋಫ್ರಿಕ್ ಎಂಬ ಧರ್ಮಾಧ್ಯಕ್ಷನು ಎಕ್ಸೆಟರ್ ದೇವಾಲಯಕ್ಕೆ ಇತ್ತ ಮತ್ತೊಂದರ ಮೊದಲ ಹಾಳೆಯಲ್ಲಿ ಚಾಕುವಿನಿಂದ ಕೊಯ್ದ ಗೆರೆಗಳಿವೆ. ಕೊನೆಯ ಹಾಳೆಗಳು ಬೆಂಕಿಯಿಂದ ಸುಟ್ಟು ತೂತಾಗಿವೆ. ಅದನ್ನು ಓದಲಾರದವರು ಅದನ್ನು ಮಣೆಯಂತೆ ಬಳಸಿದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಬೇವುಲ್ಫ್ ಎಂಬ 3,182 ಪಂಕ್ತಿಗಳ ವೀರಕಾವ್ಯದ ಕಥೆ ಇನ್ನೂ ಬೋಧಪ್ರದವಾದುದು. ಅದಕ್ಕೆ ಇರುವುದು ಕ್ರಿ. ಶ. 1000ದ ಆಸುಪಾಸಿನಲ್ಲಿ ಇಬ್ಬರು ಲಿಪಿಕಾರರು ಬರೆದ ಒಂದೇ ಪ್ರತಿ. 1731ರ ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿದ್ದ ಕಾಟನ್ ಗ್ರಂಥಭಂಡಾರಕ್ಕೆ ಬೆಂಕಿ ಬಿದ್ದಾಗ ಈ ಪ್ರತಿ ಉಳಿಯಿತಾದರೂ ಅದರ ಅಂಚುಗಳು ಸುಟ್ಟವು. ಸುಟ್ಟ ಚರ್ಮ ವರ್ಷದಿಂದ ವರ್ಷಕ್ಕೆ ಉದುರಿ ಅಕ್ಷರಗಳು ನಷ್ಟವಾಗತೊಡಗಿದವು. ಅದೃಷ್ಟವಶಾತ್ 1787ರ ಸುಮಾರಿನಲ್ಲಿ ಥಾರ್ಕೆಲಿನ್ ಎಂಬ ಐಸ್‌ಲೆಂಡಿನ ವಿದ್ವಾಂಸನು ಇದರ ಎರಡು ಪ್ರತಿಗಳನ್ನು ಸಿದ್ಧಪಡಿಸಿದನು: ಒಂದನ್ನು ಬೇರೊಬ್ಬನಿಂದ ಬರೆಯಿಸಿದನು, ಇನ್ನೊಂದನ್ನು ಸ್ವತಃ ಬರೆದುಕೊಂಡನು. ಆಮೇಲೆ ಮೂಲದಿಂದ ಉದುರಿಹೋದ ಸುಮಾರು 2,000 ಅಕ್ಷರಗಳನ್ನು ಇಂದು ಸಂಪಾದಕರು ತುಂಬಿಕೊಳ್ಳುತ್ತಿರುವುದು ಈ ಎರಡು ಪ್ರತಿಗಳಿಂದಲೇ. 991ರಲ್ಲಿ ಮಾಲ್ಡನ್ ಎಂಬಲ್ಲಿ ನಡೆದ ಯುದ್ಧವನ್ನು ವರ್ಣಿಸುವ ಕಾವ್ಯದ ಮೂಲವಂತೂ ಅದೇ ಬೆಂಕಿಯಲ್ಲಿ ಸಂಪೂರ್ಣವಾಗಿ ನಾಶವಾಯಿತು. ಆದರೆ ಕೆಲವೇ ವರ್ಷಗಳ ಮುಂಚೆ ಯಾರೋ ಅದನ್ನು ನಕಲು ಮಾಡಿದ್ದುದರಿಂದ ಕಾವ್ಯ ಉಳಿಯಿತು. ಪಾಂಡಿತ್ಯದ ದೃಷ್ಟಿಯಿಂದ ಈ ನಕಲುಗಳಲ್ಲಿ ದೋಷಗಳಿರಬಹುದು; ಸಕಾಲದಲ್ಲಿ ಆದವೆಂಬುದೇ ಅವುಗಳ ಹಿರಿಮೆ.

ಈಗ ನಮ್ಮ ಸೀಮೆಯ ಕಡೆಗೆ ತಿರುಗೋಣ. ಆಲ್ಫ್ರೆಡನು ಆಳುತ್ತಿದ್ದ ಕಾಲದಲ್ಲಿಯೇ, 897ರಲ್ಲಿ, ಇಂದಿನ ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ತೋಲಾಪುರುಷ ವಿಕ್ರಮಸಾಂತರನು ಕೊಂಡಕುಂದಾನ್ವಯದ ಮೌನಿ ಸಿದ್ಧಾಂತ ಭಟ್ಟಾರಕರಿಗಾಗಿ ಕಲ್ಲಿನ ಬಸದಿಯನ್ನು ಕಟ್ಟಿಸಿದನು. ನಾರ್ಮನ್ ವಿಜಯಕ್ಕೆ 11 ವರ್ಷಗಳ ಬಳಿಕ, 1077ರಲ್ಲಿ, ಚಟ್ಟಲದೇವಿಯು ಅಗಲಿದ ಬಂಧುಗಳ ಪರೋಕ್ಷವಿನಯಕ್ಕಾಗಿ ಉರ್ವೀತಿಲಕವೆಂದು ಹೆಸರಾದ ಪಂಚಕೂಟ ಬಸದಿಯನ್ನು ಅಲ್ಲಿಯೇ ನಿರ್ಮಿಸಿದಳು. ತೀರ್ಥಹಳ್ಳಿ ತಾಲ್ಲೂಕಿನ ದಾನಸಾಲೆಯ 1103ರ ಶಾಸನವೂ ಸಾಂತರರ ಧರ್ಮಕಾರ್ಯಕ್ಕೆ ಸಂಬಂಧಿಸಿದುದು. ಅರಸರ ವಂಶಾವಳಿ, ದಾನದ ಭೂಮಿಯ ಎಲ್ಲೆ, ಆಚಾರ್ಯಪರಂಪರೆ ಇವೆಲ್ಲ ಈ ಕಲ್ಲುಗಳಲ್ಲಿ ಸ್ಪಷ್ಟವಾಗಿವೆ. ಆಂಗ್ಲೋ-ಸ್ಯಾಕ್ಸನರು ಚರ್ಮಪತ್ರದಲ್ಲಿ ಬರೆದಿಟ್ಟ ದಾನಪತ್ರಗಳ ವಿಷಯವನ್ನು ನಮ್ಮವರು ಬಹುಮಟ್ಟಿಗೆ ಶಿಲೆಗೆ ಒಪ್ಪಿಸಿದರು.

ಕಲ್ಲೂ ಗ್ರಂಥವೂ ಪರಸ್ಪರ ಪೂರಕವಾಗುವ ಬಗೆಯನ್ನು ಎರಡೂ ದೇಶಗಳಲ್ಲಿ ಕಾಣಬಹುದು. ಸ್ಕಾಟ್ಲೆಂಡಿನ ರುಥ್ವೆಲ್ ಎಂಬಲ್ಲಿರುವ 8ನೆಯ ಶತಮಾನದ ಶಿಲುಬೆಯ ಮೇಲೆ ರೂನ್ ಅಕ್ಷರಗಳಲ್ಲಿ ಕೊರೆದ ಪಂಕ್ತಿಗಳು ವೆರ್ಚೆಲ್ಲಿ ಹೊತ್ತಗೆಯ ಒಂದು ಕವಿತೆಯಲ್ಲಿ ಹೆಚ್ಚುಕಡಮೆ ಹಾಗೆಯೇ ದೊರೆಯುತ್ತವೆ. ಹೊಂಬುಜದ ಶಾಸನಗಳು ಕಾವ್ಯಭಾಗಗಳನ್ನು ಹೀಗೆ ಉದ್ಧರಿಸದಿದ್ದರೂ ಗ್ರಂಥಕರ್ತರನ್ನು ಹೆಸರಿಸುತ್ತವೆ. ದ್ರಾವಿಡ ಸಂಘದ ಅರುಂಗಳಾನ್ವಯದ ಆಚಾರ್ಯರ ಸಾಲಿನಲ್ಲಿ ಬರುವ ವಾದಿರಾಜನು ಶಕ 947ರಲ್ಲಿ, ಎಂದರೆ 1025ರಲ್ಲಿ, ಪಾರ್ಶ್ವನಾಥಚರಿತವನ್ನು ರಚಿಸಿದವನು. ದಯಾಪಾಲನು ರೂಪಸಿದ್ಧಿಯೆಂಬ ವ್ಯಾಕರಣದ ಕರ್ತೃ. ಗುರುಪರಂಪರೆಯನ್ನು ಕಲ್ಲು ತಿಳಿಸಿತು. ಅವರು ಬರೆದುದೇನೆಂಬುದನ್ನು ಓಲೆಗರಿ ಉಳಿಸಿತು. ಎರಡರಲ್ಲಿ ಒಂದು ಇಲ್ಲವಾಗಿದ್ದರೆ ಇನ್ನೊಂದು ಅರೆಮಾತಾಗುತ್ತಿತ್ತು.

ಕಲ್ಲಿನ ಬರಹಕ್ಕೆ ಸಕಾಲದಲ್ಲಿ ಪ್ರತಿ ದೊರೆತಿದೆ. ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ 8ನೆಯ ಸಂಪುಟವು ಸೊರಬ, ಸಾಗರ, ನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಾಸನಗಳನ್ನು ಒಳಗೊಂಡಿದೆ. ಅಂದಿನ ನಗರ ತಾಲ್ಲೂಕೇ ಇಂದಿನ ಹೊಸನಗರ. ಕಲ್ಲು ಚಕ್ಕೆಯೆದ್ದರೂ ಪಾಠ ಉಳಿಯುವುದೆಂಬ ಭರವಸೆ ಇದರಿಂದ ಉಂಟಾಯಿತು. ಓಲೆಗರಿಗಳಿಗೆ ಇಂತಹ ಭರವಸೆ ಎಲ್ಲೆಡೆಯೂ ಇಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ತಿಂಗಳುಗಟ್ಟಲೆ ಆರದ ತೇವದಲ್ಲಿ ಗರಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೂಷ್ಟು ಹಿಡಿಯುತ್ತದೆ, ಹುಳು ಕೊರೆಯುತ್ತದೆ. ಆದುದರಿಂದಲೇ ನಮ್ಮ ಹಿರಿಯರು ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ, ಬಜೆಯ ಬೇರನ್ನು ಇಟ್ಟು ಕಾಪಾಡುತ್ತಿದ್ದರು; ಗರಿ ಜೀರ್ಣವಾಗುವ ಮುನ್ನವೇ ಹೊಸ ಪ್ರತಿ ಮಾಡಿಸುತ್ತಿದ್ದರು. ಪ್ರತಿ ಮಾಡುವ ರೂಢಿ ನಿಂತಂದಿನಿಂದ ಉಳಿದ ಪ್ರತಿಯೇ ಕೊನೆಯ ಪ್ರತಿಯಾಯಿತು.

ಏಕಾಶ್ರಯದ ಅಪಾಯವನ್ನು ಜೈನಸಮಾಜ ಹತ್ತಿರದಿಂದ ಕಂಡಿದೆ. ವೀರಸೇನಾಚಾರ್ಯರ ಧವಳಾ ಟೀಕೆ ಹಲವು ಶತಮಾನಗಳವರೆಗೆ ಘಟ್ಟದ ಕೆಳಗಿನ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿತ್ತು. ಪ್ರಾಕೃತ-ಸಂಸ್ಕೃತಗಳ ಆ ಮಹಾಗ್ರಂಥವನ್ನು ಹಳಗನ್ನಡ ಲಿಪಿಯ ತಾಳೆಗರಿಗಳು ಕಾಪಾಡಿದ್ದವು. ದರ್ಶನಕ್ಕೆ ಮಾತ್ರ ದೊರೆಯುತ್ತಿದ್ದ ಅದು ನಕಲುಗೊಂಡು, 1939ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವಾಗಿ ಅಚ್ಚಾದ ಮೇಲೆಯೇ ಲೋಕದ ಅಧ್ಯಯನಕ್ಕೆ ಒದಗಿತು. ಪೂಜೆಯು ಗ್ರಂಥವನ್ನು ರಕ್ಷಿಸಿತೆಂಬುದು ನಿಜ. ಅದನ್ನು ಜೀವಂತಗೊಳಿಸಿದುದು ಪ್ರತಿಕಾರನ ಕೈ.

ಸಾಗರ ತಾಲ್ಲೂಕಿನ ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಕನ್ನಡ ಹಾಗೂ ತಿಗಳಾರಿ ಲಿಪಿಗಳ ಓಲೆಗರಿಗಳು ಸಂಗ್ರಹವಾಗಿರುವುದು ಈ ಸೀಮೆಯ ಭಾಗ್ಯ. 2003ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದ ಮೇಲೆ ಸೂಚೀಕರಣದ ಕೆಲಸಕ್ಕೆ ಹೊಸ ಚಾಲನೆ ದೊರೆಯಿತು. ಆದರೆ ಮನೆಯ ಅಟ್ಟದಲ್ಲಿಯೋ ದೇವರ ಕೋಣೆಯಲ್ಲಿಯೋ ಕಟ್ಟುಗಳನ್ನು ಇಟ್ಟುಕೊಂಡವರ ಸಹಕಾರವಿಲ್ಲದೆ ಯಾವ ಯೋಜನೆಯೂ ಪೂರ್ಣವಾಗದು. ಅಂತಹವರಲ್ಲಿ ಕೆಲವು ವಿಜ್ಞಾಪನೆಗಳಿವೆ. ಓದಲು ಬಾರದೆಂಬ ಕಾರಣದಿಂದ ಕಟ್ಟನ್ನು ಹೊಳೆಗೆ ಬಿಡಬಾರದು. ಗರಿಗಳ ಕ್ರಮವನ್ನು ಕದಲಿಸಬಾರದು. ಸಹೋದರರು ಆಸ್ತಿಯನ್ನು ಹಂಚಿಕೊಳ್ಳುವಾಗ ಒಂದು ಕಟ್ಟನ್ನು ಎರಡಾಗಿ ಹಂಚಬಾರದು. ಅಂಟಿಕೊಂಡ ಗರಿಗಳನ್ನು ಬಲವಂತದಿಂದ ಬಿಡಿಸದೆ ತಜ್ಞರಿಗೆ ತೋರಿಸಬೇಕು. ಕೊನೆಯ ಗರಿಯನ್ನು ವಿಶೇಷವಾಗಿ ಜೋಪಾನ ಮಾಡಬೇಕು. ಲಿಪಿಕಾರನ ಹೆಸರು, ಊರು, ಸಂವತ್ಸರ, ಬರೆಯಿಸಿದವರ ಹೆಸರು ಸಾಮಾನ್ಯವಾಗಿ ಇರುವುದು ಅಲ್ಲಿಯೇ. ಮೂಲವನ್ನು ಕೊಡಲು ಮನಸ್ಸಿಲ್ಲದವರು ಛಾಯಾಚಿತ್ರ ತೆಗೆಯಲಾದರೂ ಅನುಮತಿ ನೀಡಬೇಕು. ಇದರಿಂದ ಗ್ರಂಥದ ಒಡೆತನಕ್ಕಾಗಲಿ ಪಾವಿತ್ರ್ಯಕ್ಕಾಗಲಿ ಯಾವ ಕುಂದೂ ಬಾರದು.

ಮಾಲ್ಡನ್ ಕಾವ್ಯವನ್ನು ನಕಲು ಮಾಡಿದಾತನಿಗೆ ಮುಂದೆ ಬೆಂಕಿ ಬೀಳುವುದೆಂದು ತಿಳಿದಿರಲಿಲ್ಲ. ತಿಳಿಯದೆಯೇ ಅವನು ಮಾಡಿದ ಕೆಲಸವನ್ನು ನಾವು ತಿಳಿದೂ ಮಾಡದಿರುವುದು ಶ್ರುತದೇವತೆಗೆ ಬಗೆದ ಅಪಚಾರವಾದೀತು. ಏಕಪ್ರತಿಯೊಂದು ಕೈಗೆ ಬಂದ ದಿನವೇ ಅದರ ಎರಡನೆಯ ಪ್ರತಿಯ ಕಾರ್ಯ ಆರಂಭವಾಗಬೇಕು.