ಪಕ್ಕದ ಹಲ್ಲಿಗೆ ಒಪ್ಪುವ ಬಣ್ಣ

ಮುಂದಿನ ಹಲ್ಲು ಮುರಿದು ಕ್ಯಾಪ್ ಹಾಕಿಸಲು ಬಂದವರು ಮೊದಲು ಹೇಳುವ ಮಾತು, ‘ಬೆಳ್ಳಗಿರಲಿ ಡಾಕ್ಟರ್ರೇ’. ಬೆಳ್ಳಗಿನ ಕ್ಯಾಪ್ ಮಾಡುವುದು ಸುಲಭ. ಪಕ್ಕದ ಹಲ್ಲಿಗೆ ಒಪ್ಪುವಂಥದ್ದನ್ನು ಮಾಡುವುದೇ ಕಷ್ಟ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಈ ಕಷ್ಟ ಎಲೆ-ಅಡಿಕೆಯಿಂದಲೇ ಶುರುವಾಗುತ್ತದೆ. ಸವಣೂರಿನ ವೀಳ್ಯದೆಲೆ ಹೆಸರುವಾಸಿ. ಅಡಿಕೆಯಲ್ಲಿರುವ ಪಾಲಿಫಿನಾಲ್‌ಗಳು ಸುಣ್ಣದ ಕ್ಷಾರ ತಗುಲಿದೊಡನೆ ಕೆಂಪಾಗುತ್ತವೆ. ವರ್ಷಗಟ್ಟಲೆ ಎಲೆ ಹಾಕಿದವರ ಹಲ್ಲಿನ ಮೇಲೆ ಅದೇ ಕಂದುಗರೆಯಾಗಿ ಕೂರುತ್ತದೆ. ಆ ಕರೆಗೆ ಹೊಂದುವ ಕ್ಯಾಪ್ ಮಾಡಿಸಿ, ಆಮೇಲೆ ಹಲ್ಲು ಕ್ಲೀನ್ ಮಾಡಿಸಿದರೆ ಕ್ಯಾಪ್ ಒಂದೇ ಕಪ್ಪಗೆ ಉಳಿಯುತ್ತದೆ. ಆದ್ದರಿಂದ ಮೊದಲು ಕರೆ ತೆಗೆಯಬೇಕು, ಬಣ್ಣ ನೋಡುವುದು ಆಮೇಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಬಾಲ್ಯದಲ್ಲೇ ಮೂಡಿದ ಬಿಳಿ-ಕಂದು ಮಚ್ಚೆಗಳ ಮಾತೇ ಬೇರೆ. ಅವು ಎನಾಮೆಲ್‌ನ ಒಳಗೇ ಇರುತ್ತವೆ, ತಿಕ್ಕಿದರೆ ಹೋಗುವುದಿಲ್ಲ. ಅಂಥ ಹಲ್ಲಿಗೆ ಒಂದು ಶೇಡ್ ನಂಬರ್ ಸಾಲದು. ಯಾವ ಮಚ್ಚೆ ಎಲ್ಲಿದೆ ಎಂದು ಚಿತ್ರ ಬರೆದು ಲ್ಯಾಬಿಗೆ ಕಳಿಸಬೇಕಾಗುತ್ತದೆ.

ಶೇಡ್ ನಂಬರ್ ಎಂದರೆ ಎ1, ಎ2, ಬಿ2, ಸಿ3 ಇತ್ಯಾದಿ. ಜರ್ಮನಿಯ ವೀಟಾ ಕಂಪನಿ 1956ರಲ್ಲಿ ತಂದ ಶೇಡ್ ಗೈಡ್‌ನಲ್ಲಿ ಇಂಥ 16 ಮಾದರಿ ಹಲ್ಲುಗಳಿವೆ. ಎ ಕೆಂಗಂದು, ಬಿ ಕೆಂಪು ಬೆರೆತ ಹಳದಿ, ಸಿ ಬೂದು, ಡಿ ಕೆಂಪು ಬೆರೆತ ಬೂದು. ಆದರೆ ನಮ್ಮ ಕಣ್ಣು ಬೇಗ ಹಿಡಿಯುವುದು ಹಲ್ಲು ಹಳದಿಯೋ ಕೆಂಪೋ ಎಂಬುದನ್ನಲ್ಲ, ಅದು ಎಷ್ಟು ಬೆಳಕಾಗಿ ಕಾಣುತ್ತದೆ ಎಂಬುದನ್ನು. ಹೊಳಪು ಸರಿಯಿದ್ದರೆ ಬಣ್ಣದ ಸಣ್ಣ ವ್ಯತ್ಯಾಸ ಮಾತಾಡುವಾಗ ಯಾರಿಗೂ ತಿಳಿಯುವುದಿಲ್ಲ. ಹೊಳಪು ತಪ್ಪಿದರೆ ದೂರದಿಂದಲೇ ತಿಳಿಯುತ್ತದೆ. 1998ರಲ್ಲಿ ಅದೇ ಕಂಪನಿ ತಂದ 3ಡಿ-ಮಾಸ್ಟರ್ ಗೈಡ್ ಈ ಕಾರಣಕ್ಕೇ ಮೊದಲು ಹೊಳಪನ್ನು ಆರಿಸಲು ಹೇಳುತ್ತದೆ. ಕಣ್ಣು ಅರೆಮುಚ್ಚಿ ನೋಡಿದರೆ ಬಣ್ಣ ಹಿಂದೆ ಸರಿದು ಹೊಳಪಷ್ಟೇ ಉಳಿಯುತ್ತದೆ ಎಂಬುದು ಹಳೆಯ ದಂತವೈದ್ಯರ ಯುಕ್ತಿ.

ಹಲ್ಲು ಒಣಗಿರಬಾರದು ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಬಾಯಿ ತೆರೆದು ಸ್ವಲ್ಪ ಹೊತ್ತು ಕೂತರೆ ಸಾಕು, ಎನಾಮೆಲ್‌ನ ಸೂಕ್ಷ್ಮ ರಂಧ್ರಗಳ ನೀರು ಆರಿ, ಅಲ್ಲಿ ಗಾಳಿ ತುಂಬಿ ಬೆಳಕು ಚದುರುತ್ತದೆ, ಹಲ್ಲು ಸುಣ್ಣದಂತೆ ಬೆಳ್ಳಗಾಗುತ್ತದೆ. ಮೊದಲಿನ ಬಣ್ಣ ಮರಳಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಆದ್ದರಿಂದ ಡ್ರಿಲ್ ಮುಟ್ಟುವ ಮೊದಲೇ ಶೇಡ್ ನೋಡಬೇಕು, ಅದೂ ಒಂದೊಂದು ಸಲಕ್ಕೆ ಐದಾರು ಸೆಕೆಂಡು ಮಾತ್ರ. ಹೆಚ್ಚು ಹೊತ್ತು ನೋಡಿದರೆ ಕಣ್ಣೇ ದಣಿದು ಸುಳ್ಳು ಹೇಳುತ್ತದೆ. ನಡುವೆ ಬೂದು ಬಣ್ಣದ ಹಾಳೆ ನೋಡಿ ಕಣ್ಣಿಗೆ ವಿಶ್ರಾಂತಿ ಕೊಡುವವರಿದ್ದಾರೆ. ಲಿಪ್‌ಸ್ಟಿಕ್ ಒರೆಸಿಸಿ, ಗಾಢ ಬಣ್ಣದ ಸೀರೆಯಿದ್ದರೆ ಬೂದು ಬಟ್ಟೆ ಹೊದಿಸುವುದೂ ಇದಕ್ಕೇ.

ಬೆಳಕಿನ ವಿಷಯಕ್ಕೆ ಬಂದರೆ, ಹಾನಗಲ್ಲಿನಂಥ ಅರೆಮಲೆನಾಡಿನಲ್ಲಿ ಆಷಾಢದ ಮೋಡದ ದಿನ ಕಿಟಕಿಯ ಬೆಳಕನ್ನೇ ನಂಬುವಂತಿಲ್ಲ. ಅಂಗಡಿಯ ಲೈಟಿನಲ್ಲಿ ಜೋಡಿಯಾಗಿ ಕಂಡ ಸೀರೆ-ಕುಪ್ಪಸ ಬೀದಿಗೆ ಬಂದೊಡನೆ ಬೇರೆಯಾಗುವಂತೆ, ಟ್ಯೂಬ್‌ಲೈಟಿನಲ್ಲಿ ಒಂದಾಗಿದ್ದ ಕ್ಯಾಪೂ ಹಲ್ಲೂ ಬಿಸಿಲಲ್ಲಿ ಬೇರೆಯಾಗುತ್ತವೆ. ಹಗಲಿನ ಬೆಳಕನ್ನು ಹೋಲುವ, ಸುಮಾರು 5500ರಿಂದ 6500 ಕೆಲ್ವಿನ್‌ನ ದೀಪ ಈ ತೊಂದರೆಯನ್ನು ಬಹುಮಟ್ಟಿಗೆ ತಪ್ಪಿಸುತ್ತದೆ.

ಹಲ್ಲಿನ ಬಣ್ಣದ ಕಾಂಪೋಸಿಟ್ ತುಂಬಿಸುವುದಾದರೆ ಇನ್ನೂ ಸರಳವಾದ ಪರೀಕ್ಷೆಯಿದೆ. ಅದರ ಒಂದು ಚಿಕ್ಕ ತುಣುಕನ್ನು ಅಂಟು ಹಚ್ಚದೆ ಹಲ್ಲಿನ ಮೇಲಿಟ್ಟು, ನೀಲಿ ದೀಪದಿಂದ ಗಟ್ಟಿಮಾಡಿ ನೋಡುವುದು. ಗಟ್ಟಿಯಾದಾಗ ಬಣ್ಣ ತುಸು ಬದಲಾಗುವುದರಿಂದ ಹಸಿಯಾಗಿದ್ದಾಗ ನೋಡಿ ನಿರ್ಧರಿಸಬಾರದು. ಸ್ಪೆಕ್ಟ್ರೋಫೋಟೋಮೀಟರ್ ಎಂಬ ಯಂತ್ರ ಬಣ್ಣವನ್ನು ಅಂಕಿಯಲ್ಲಿ ಅಳೆಯುತ್ತದೆ. ಬೆಲೆ ಹೆಚ್ಚು, ತಾಲೂಕಿನ ಕ್ಲಿನಿಕ್‌ಗೆ ಅನಿವಾರ್ಯವೂ ಅಲ್ಲ. ಶೇಡ್ ಮಾದರಿಯನ್ನು ಹಲ್ಲಿನ ಪಕ್ಕದಲ್ಲೇ ಹಿಡಿದು ತೆಗೆದ ಒಂದು ಒಳ್ಳೆಯ ಫೋಟೊ ಹುಬ್ಬಳ್ಳಿಯ ಲ್ಯಾಬಿನಲ್ಲಿ ಕೂತ ತಂತ್ರಜ್ಞರಿಗೆ ಬರಿಯ ‘ಎ3’ಗಿಂತ ಎಷ್ಟೋ ಹೆಚ್ಚು ತಿಳಿಸುತ್ತದೆ.

ಕ್ಯಾಪ್ ಬಂದ ದಿನ ಸಿಮೆಂಟ್ ಹಚ್ಚುವ ಮೊದಲು ಬರೀ ಕೂರಿಸಿ ತೋರಿಸುತ್ತಾರೆ. ಆಗ ಕನ್ನಡಿ ಹಿಡಿದು ಕ್ಲಿನಿಕ್ಕಿನ ಬಾಗಿಲಿಗೆ ಬಂದು ಹಗಲ ಬೆಳಕಲ್ಲಿ ನೋಡಿಕೊಳ್ಳಿ, ಮನೆಯವರಿಗೂ ತೋರಿಸಿ, ಒಪ್ಪದಿದ್ದರೆ ಅಲ್ಲೇ ಹೇಳಿ. ಆ ಹೊತ್ತಿನಲ್ಲಾದರೆ ಅದನ್ನು ಲ್ಯಾಬಿಗೆ ವಾಪಸ್ ಕಳಿಸಬಹುದು. ಸಿಮೆಂಟ್ ಹಿಡಿದ ಮೇಲೆ ಬಣ್ಣ ಬದಲಿಸಬೇಕೆಂದರೆ ಕ್ಯಾಪನ್ನು ಕತ್ತರಿಸಿಯೇ ತೆಗೆಯಬೇಕಾಗುತ್ತದೆ.